ಬಂದನೋ, ಬಂದ್ ಆಯಿತೋ

ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಆಗಲೂ ಏನೂ ಆಗಲಿಲ್ಲ. ಪಕ್ಕದ ಸೀಟಿನಲ್ಲಿ ಕೂತಿದ್ದ ಷೋರೂಮಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮೊದಲ ಸಲ ಒತ್ತಿದಾಗಲೇ ಗಾಡಿ ಚಾಲೂ ಆಗಿತ್ತಂತೆ. ಎರಡನೆಯ ಸಲ ಒತ್ತಿ ನಾನೇ ಅದನ್ನು ಆರಿಸಿದ್ದೆನಂತೆ.

ಗಾಡಿ ಚಾಲೂ ಆಗಿದೆ ಎಂದು ಇನ್ನೊಬ್ಬರು ಹೇಳಿ ತಿಳಿಯಬೇಕಾದ ಗಾಡಿಯನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಹಳೆಯ ಗಾಡಿ ಅಂಥದ್ದಲ್ಲ. ಹದಿನೆಂಟು ವರ್ಷದಿಂದ ಕೀಲಿ ತಿರುವಿದ ಕೂಡಲೇ ಕೆಮ್ಮಿ, ಕ್ಯಾಕರಿಸಿ, ಮೈ ಕೊಡವಿಕೊಂಡು ಏಳುತ್ತದೆ. ಮೊದಲ ಮಹಡಿಯ ತೊಟ್ಟಿಲಲ್ಲಿರುವ ಕೂಸು ಕೂಡ ಅದರ ಜೊತೆಗೇ ಏಳುತ್ತದೆ. ಆ ಕೂಸಿನ ತಾಯಿಗೆ ನಾವು ಯಾವಾಗ ಹೊಸ ಗಾಡಿ ತರುತ್ತೇವೆ ಎನ್ನುವುದೇ ಚಿಂತೆ.

ಹುಡುಗಿಯ ಜೊತೆ ನಾನೂ ನಕ್ಕೆ. ಆದರೆ ನನಗೆ ಅದು ನಗುವ ಮಾತಾಗಿರಲಿಲ್ಲ. ನಿಮ್ಮಲ್ಲಿ ಮುಚ್ಚಿಡುವುದೇನು, ಎರಡು ವರ್ಷದಿಂದ ನನ್ನ ಕಿವಿ ಮಂದವಾಗುತ್ತ ಬಂದಿದೆ. ಎಡಗಿವಿ ಹೆಚ್ಚು, ಬಲಗಿವಿ ಅದರ ಹಿಂದೆ ಹಿಂದೆ. ದಪ್ಪ ಸದ್ದುಗಳು ಕೇಳಿಸುತ್ತವೆ. ಸಣ್ಣವು, ಚೂಪಾದವು ಒಂದೊಂದಾಗಿ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿವೆ. ಮೊದಲು ಹೋದದ್ದು ಗುಬ್ಬಿ. ಪುಣೆಯಲ್ಲಿ ಗುಬ್ಬಿಗಳು ಕಡಿಮೆಯಾಗಿವೆ ಎಂದು ಎಲ್ಲರೂ ಹೇಳುತ್ತಿದ್ದರಲ್ಲ, ನಾನೂ ಹಾಗೇ ಅಂದುಕೊಂಡೆ. ಒಂದು ಬೆಳಿಗ್ಗೆ ಬಾಲ್ಕನಿಯ ಕಟ್ಟೆಯ ಮೇಲೆ ಗುಬ್ಬಿಯೊಂದು ಕೂತು ಕೊಕ್ಕು ತೆರೆದು ಮುಚ್ಚುತ್ತಿತ್ತು. ಸದ್ದು ಮಾತ್ರ ಇರಲಿಲ್ಲ. ನಾನು ನೆಟ್ಟಗೆ ಒಳಗೆ ಬಂದು ಚಹಾಕ್ಕಿಟ್ಟೆ. ಯಾರಿಗೂ ಹೇಳಲಿಲ್ಲ.

ಹೇಳಿದರೆ ಮೊದಲು ಹೋಗುವುದು ಗಾಡಿಯ ಕೀಲಿ ಎಂದು ಗೊತ್ತಿತ್ತು. ನಮ್ಮ ಮನೆಯಲ್ಲಿ ಗಾಡಿ ಓಡಿಸುವವಳು ನಾನೊಬ್ಬಳೇ. ನಲವತ್ತೆರಡನೆಯ ವಯಸ್ಸಿನಲ್ಲಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಪಿಂಪ್ರಿಯ ಮೈದಾನದಲ್ಲಿ ಕಲಿತವಳು. ಅದಕ್ಕೆ ಮೊದಲು ಯಾರಾದರೂ ಕರೆದುಕೊಂಡು ಹೋದರೆ ಹೋಗುತ್ತಿದ್ದೆ, ಇಲ್ಲದಿದ್ದರೆ ಇಲ್ಲ. ಅದರ ನಂತರ ನಾನೇ ಕರೆದುಕೊಂಡು ಹೋಗುವವಳಾದೆ. ಪುಣೆಯ ಆಚೆ ಶಿರೂರಿನಲ್ಲಿರುವ ನಾದಿನಿಗೆ ಹುಷಾರಿಲ್ಲ ಎಂದರೆ ಒಂದೂವರೆ ತಾಸಿನಲ್ಲಿ ಅವಳ ಅಂಗಳದಲ್ಲಿರುತ್ತೇನೆ. ಈ ಸುಖ ಗೊತ್ತಾದವರಿಗೆ ಮತ್ತೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಯಾರದೋ ದಾರಿ ಕಾಯುತ್ತ ನಿಲ್ಲುವುದು ಎಂದರೆ ಎದೆ ಝಲ್ಲೆನ್ನುತ್ತದೆ.

ನಮ್ಮವರು ಗಾಡಿ ಕಲಿಯಲಿಲ್ಲ. ಡ್ರೈವಿಂಗ್ ಕ್ಲಾಸಿಗೆ ಒಂದೇ ದಿನ ಹೋಗಿ ಬಂದು, "ಅದಕ್ಕ ಮೂರು ಕಾಲು ಬೇಕು, ನಂಗ ಎರಡs ಅವ" ಎಂದು ಕೈ ತೊಳೆದುಕೊಂಡರು. ಇಂಜಿನಿಯರಿಂಗ್ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಏನನ್ನಾದರೂ ಕೊಳ್ಳಬೇಕೆಂದರೆ ಇನ್ನೂರು ಪುಟದ ನೋಟ್‌ಬುಕ್ಕು ತೆಗೆದು, ಪಟ್ಟಿ ಇಟ್ಟು ಗೆರೆ ಹೊಡೆದು, ಅಂಕಣ ಮಾಡಿ ಬರೆಯುತ್ತಾರೆ. ನಮ್ಮ ಮಿಕ್ಸರಿಗೆ ಹನ್ನೊಂದು ಅಂಕಣಗಳಿದ್ದವು. ನನ್ನನ್ನು ನೋಡಲು ಬಂದಾಗ ಎಷ್ಟು ಅಂಕಣಗಳಿದ್ದವೋ, ನಾನು ಕೇಳಿಲ್ಲ.

ಹಳೆಯ ಗಾಡಿಯ ಗೇರು ಅಳತೊಡಗಿದಾಗ ಮೆಕ್ಯಾನಿಕ್ಕು ಕೈ ಮುಗಿದ. ಪೂರಾ ಬ್ಯಾಟರಿಯದ್ದನ್ನು ತರೋಣವೆಂದರೆ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಚಾರ್ಜಿಂಗ್ ವಯರು ಎಲ್ಲಿಂದ ಎಳೆಯಬೇಕು ಎಂಬ ಜಗಳ ಮೂರು ಮೀಟಿಂಗ್ ದಾಟಿದರೂ ಮುಗಿದಿಲ್ಲ. ಆದ್ದರಿಂದ ಹೈಬ್ರಿಡ್. ಪೆಟ್ರೋಲಿನ ಇಂಜಿನ್ನೂ ಇರುತ್ತದೆ, ಬ್ಯಾಟರಿಯ ಮೋಟರೂ ಇರುತ್ತದೆ. ಯಾವಾಗ ಯಾರು ಎಳೆಯಬೇಕು ಎನ್ನುವುದನ್ನು ಗಾಡಿಯೇ ನಿರ್ಧರಿಸುತ್ತದೆ.

ಈ ಶಬ್ದ ಕೇಳಿ ನಾದಿನಿ ಫೋನಿನಲ್ಲಿ, "ಹೈಬ್ರೀಡ ಅಂದ್ರ ಜ್ವಾಳ ಅಲ್ಲೇನ? ಬ್ಯಾಡವಾ, ಅದರ ರೊಟ್ಟಿ ಬಡ್ಯೂದ್ರಾಗ ಸೀಳತಾವ" ಎಂದಳು. ನಗಬೇಡಿ. ನಮ್ಮ ಕಡೆಯವರಿಗೆ ಹೈಬ್ರಿಡ್ ಎಂದರೆ ಮೊದಲು ನೆನಪಾಗುವುದು ರೇಷನ್ನಿನ ಜೋಳವೇ. ನಮ್ಮ ಆಯಿ, ಅಂದರೆ ನನ್ನ ತಂದೆಯ ತಾಯಿ, ಆ ಜೋಳವನ್ನು ಕೇರುವಾಗ ಬಿಜಾಪುರದ ಬಿಳಿಜೋಳವನ್ನು ನೆನೆಸಿಕೊಂಡು, "ನೋಡಾಕ ಏನ ಧಿಮಾಕ, ತಿನ್ನಾಕ ಹೊಟ್ಟು" ಎನ್ನುತ್ತಿದ್ದಳು. ಮನೆಯಲ್ಲಿ ಯಾರಾದರೂ ಹೊಸ ಅಂಗಿ ಹಾಕಿಕೊಂಡು ಮೆರೆದರೂ ಅವರು ಆಯಿಯ ಬಾಯಲ್ಲಿ ಹೈಬ್ರೀಡ.

ಹುಡುಕಿ ಹುಡುಕಿ ಕಡೆಗೆ ಎರಡು ಗಾಡಿ ಉಳಿದವು. ಒಂದು ಕೆಂಪು, ಇನ್ನೊಂದು ಬೂದು. ಕಂಪನಿಯ ಹೆಸರುಗಳು ನಿಮಗೆ ಬೇಕಿಲ್ಲ, ನಮ್ಮ ಮನೆಯಲ್ಲೂ ಅವಕ್ಕೆ ಬಣ್ಣದ್ದೇ ಹೆಸರು. ಕೆಂಪನ್ನು ಶನಿವಾರ ಓಡಿಸಿ ನೋಡಿದೆವು. ಅದರಲ್ಲಿ ಬ್ಯಾಟರಿಯ ಪಾಲು ಸಣ್ಣದು, ಇಂಜಿನ್ ಹೆಚ್ಚುಕಡಿಮೆ ಸದಾ ಓಡುತ್ತಲೇ ಇರುತ್ತದೆ. ಪೆಡಲಿನ ಮೇಲೆ ಇಟ್ಟ ಪಾದಕ್ಕೆ ಅದರ ನಡುಕ ತಿಳಿಯುತ್ತದೆ. ನನಗೆ ಜೀವ ಬಂದ ಹಾಗಾಯಿತು. ಕಿವಿ ಮಾಡದ ಕೆಲಸವನ್ನು ಪಾದ ಮಾಡುತ್ತಿತ್ತು. ಆ ಕ್ಷಣದಲ್ಲೇ ಮನಸ್ಸಿನಲ್ಲಿ ಕೆಂಪನ್ನು ಆರಿಸಿಯಾಗಿತ್ತು.

ಆದರೆ ಕಾರಣ ಹೇಳಬೇಕಲ್ಲ. "ಡಿಕ್ಕಿ ದೊಡ್ಡದ ಅದ" ಎಂದೆ.

"ನಾವೇನ ಗೋದಿ ಮಾರ್ಲಿಕ್ಕೆ ಹೊಂಟೇವೇನ?" ಎಂದರು ನಮ್ಮವರು.

"ಸೀಟು ಎತ್ತರ ಅವ, ಮೊಣಕಾಲಿಗೆ ಛಲೋ."

"ಮೊಣಕಾಲು ನಂದು ನೂಸ್ತದ, ನಿಂದಲ್ಲ. ನಂಗ ತ್ರಾಸ ಆಗಲಿಲ್ಲ ಬಿಡು." ಹೀಗೆಂದು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಪೆಟ್ರೋಲು ಎಷ್ಟು ಕುಡಿಯುತ್ತದೆ ಎಂಬ ಅಂಕಣದಲ್ಲಿ ಕೆಂಪು ಬೂದಿನ ಹತ್ತಿರವೂ ಸುಳಿಯುವಂತಿರಲಿಲ್ಲ. "ಬೂದುನೂ ಒಮ್ಮೆ ನೋಡೂಣು, ಕಣ್ಣಿಲೆ ನೋಡಿದ್ರ ಕಣ್ಣೇನ ಹೋಗ್ತದ?" ಎಂದರು. ಕಣ್ಣಿನದಲ್ಲ ನನ್ನ ಭಯ ಎಂದು ಹೇಳಲಾಗಲಿಲ್ಲ.

ನಮ್ಮವರಿಗೆ ಇತ್ತೀಚೆಗೆ ಒಂದು ಚಟ ಹತ್ತಿದೆ. ಏನು ಬಂದರೂ "ಬಂದ" ಎಂದು ಘೋಷಿಸುತ್ತಾರೆ. ಬಾಗಿಲ ಗಂಟೆ ಬಾರಿಸಿದರೆ ಬಂದ. ಕುಕ್ಕರು ಸೀಟಿ ಹೊಡೆದರೆ ಬಂದ. ನಮ್ಮ ಮಹಡಿಯಲ್ಲಿ ಲಿಫ್ಟು ನಿಂತರೆ, ಕಸದ ಗಾಡಿ ಹಾಡು ಹಾಕಿಕೊಂಡು ಗೇಟಿಗೆ ಬಂದರೆ, ಎಲ್ಲದಕ್ಕೂ ಬಂದ. ವಯಸ್ಸಾದಂತೆ ಗಂಡಸರು ಹೀಗೆ ಏನಾದರೂ ಒಂದು ಹಚ್ಚಿಕೊಳ್ಳುತ್ತಾರೆ ಎಂದು ನಾನು ಸಿಡಿಮಿಡಿಗೊಂಡಿದ್ದೂ ಉಂಟು. "ಮನ್ಯಾಗ ಕಾವಲಿಗೆ ಗಿಳಿ ಸಾಕಿದಂಗಾತು" ಎಂದು ಅಂದೂ ಬಿಟ್ಟಿದ್ದೆ. ಅವರು ನಕ್ಕಿದ್ದರು, ಬಿಟ್ಟಿರಲಿಲ್ಲ.

ಆ ಶಬ್ದ ಅವರದಲ್ಲ. ನಮ್ಮ ಆಯಿಯದು. ಮದುವೆಯಾದ ಹೊಸತರಲ್ಲಿ ನಾನು ಹೇಳಿದ ಕತೆಯಿಂದ ಅವರು ಎತ್ತಿಕೊಂಡದ್ದು.

ಪಿಂಪ್ರಿಯ ಚಾಳಿನ ಸಾಲುಕೋಣೆಗಳಲ್ಲಿ ನಮ್ಮದು ಕಡೆಯಿಂದ ಎರಡನೆಯ ಖೋಲಿ. ಅಪ್ಪ ಕಾರ್ಖಾನೆಯಿಂದ ಸೈಕಲ್ಲಿನ ಮೇಲೆ ಬರುತ್ತಿದ್ದ. ಅವನ ಸೈಕಲ್ಲಿನ ಚೈನ್‌ಕವರು ಸಡಿಲಾಗಿ ಕಟ ಕಟ ಎನ್ನುತ್ತಿತ್ತು. ಆ ಹೊತ್ತಿಗೆ ನೂರಾರು ಸೈಕಲ್ಲುಗಳು ಕಾರ್ಖಾನೆಯ ಗೇಟಿನಿಂದ ನೊಣಗಳ ಹಾಗೆ ಹೊರಬೀಳುತ್ತಿದ್ದವು. ಅಷ್ಟರ ನಡುವೆ ಅವನ ಕಟಕಟವೊಂದನ್ನೇ ಹೆಕ್ಕಿ, ಆಯಿ ಒಲೆಯ ಮುಂದೆ ಕೂತಲ್ಲೇ ತಲೆ ಓರೆ ಮಾಡಿ, "ಬಂದ" ಎನ್ನುತ್ತಿದ್ದಳು. ಹಂಚು ಒಲೆಗೇರುತ್ತಿತ್ತು. ಅಪ್ಪ ಮೂಲೆ ತಿರುಗಿ, ಚಾಳಿನ ಉದ್ದಕ್ಕೂ ಬಂದು, ಸೈಕಲ್ಲು ಗೋಡೆಗೆ ಒರಗಿಸಿ, ಕೈಕಾಲು ತೊಳೆಯುವ ಹೊತ್ತಿಗೆ ಮೊದಲ ರೊಟ್ಟಿ ಉಬ್ಬಿರುತ್ತಿತ್ತು.

ಪಕ್ಕದ ಖೋಲಿಯ ಶೇವಂತಾ ಮಾವಶಿಗೆ ಇದೊಂದು ಒಗಟಾಗಿತ್ತು. ಮರಾಠಿಯಲ್ಲಿ ಬಂದ್ ಎಂದರೆ ಮುಚ್ಚಿದ್ದು, ನಿಂತುಹೋದದ್ದು. ದಿನಾ ಸಂಜೆ ಕನ್ನಡದ ಈ ಮುದುಕಿ ಬಂದ್ ಬಂದ್ ಎನ್ನುತ್ತಾಳಲ್ಲ, ಏನು ಬಂದ್? ನಳ ಬಂದೋ, ಕಾರ್ಖಾನೆ ಬಂದೋ? ಒಮ್ಮೆ ಕಾರ್ಖಾನೆಯಲ್ಲಿ ಮುಷ್ಕರದ ಗುಲ್ಲೆದ್ದ ದಿನ ಆಯಿ ಹೀಗೆಯೇ ಕೂಗಿದ್ದನ್ನು ಕೇಳಿ ಮಾವಶಿ ಅಳುತ್ತ ನಮ್ಮ ಬಾಗಿಲಿಗೆ ಓಡಿ ಬಂದಿದ್ದಳು. ಹಿಂದೆಯೇ ಅಪ್ಪ ಸೈಕಲ್ಲು ತಳ್ಳಿಕೊಂಡು ಬಂದ. "ಇವಾ ನೋಡವಾ ಬಂದ," ಎಂದು ಆಯಿ ಮಗನನ್ನು ಬೆರಳು ಮಾಡಿ ತೋರಿಸಿದಳು. ಮಾವಶಿ ಅತ್ತ ಮುಖದಲ್ಲೇ ನಗಲು ಹತ್ತಿದಳು. ಅವತ್ತಿನಿಂದ ಚಾಳಿನಲ್ಲಿ ಅಪ್ಪನ ಹೆಸರೇ ಬಂದ್ ಆಯಿತು.

ಆಯಿಯ ಕಿವಿ ನನಗೆ ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದರು. ನನಗೂ ಅದರ ಜಂಬವಿತ್ತು. ಮೂವತ್ತೊಂದು ವರ್ಷ ಕಾರ್ಖಾನೆಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಅದೇ ಕಿವಿಯಿಂದ ಅನ್ನ ತಿಂದವಳು ನಾನು. ಹಲೋ ಎನ್ನುವ ಮೊದಲು ಎಳೆದುಕೊಳ್ಳುವ ಉಸಿರಿನಲ್ಲೇ ಯಾವ ಸಾಹೇಬರೆಂದು ಹೇಳುತ್ತಿದ್ದೆ. ಒಬ್ಬರು ಚಾಕಣದ ಘಟಕದಿಂದ ಮಾತಾಡುತ್ತ ತಾನು ಮುಂಬೈಯಲ್ಲಿದ್ದೇನೆ ಎಂದು ಹೆಂಡತಿಗೆ ಹೇಳಿಸಿದಾಗ, ಹಿಂದೆ ಬಡಿಯುತ್ತಿದ್ದ ಪ್ರೆಸ್ಸಿನ ಸದ್ದು ಕೇಳಿಯೂ ಕೇಳಿಸದವಳ ಹಾಗೆ ಇದ್ದೆ. ಆಗ ಕೇಳಿಸಿದರೂ ಕೇಳಿಸದ ಹಾಗೆ ಇರುವುದು ಕೆಲಸವಾಗಿತ್ತು. ಈಗ ಕೇಳಿಸದಿದ್ದರೂ ಕೇಳಿಸಿದ ಹಾಗೆ ಇರುವುದೇ ಕೆಲಸವಾಗಿದೆ.

ಸರಿ, ಭಾನುವಾರದ ಬೂದುಗಾಡಿಗೆ ಬರುತ್ತೇನೆ. ಮೂರನೆಯ ಸಲ ಗುಂಡಿ ಒತ್ತಿ, ಎದುರಿನ ಪರದೆಯಲ್ಲಿ ಹಸಿರು ಅಕ್ಷರ ಮೂಡಿದ್ದನ್ನು ಕಣ್ಣಾರೆ ನೋಡಿಕೊಂಡು ಹೊರಟೆ. ಹಿಂದಿನ ಸೀಟಿನಲ್ಲಿ ನಮ್ಮವರು ನೋಟ್‌ಬುಕ್ಕು ಹಿಡಿದು ಕೂತಿದ್ದರು. ಷೋರೂಮಿನ ಹುಡುಗಿ ಶಿರೂರಿನವಳು ಎಂದು ತಿಳಿದದ್ದೇ ಅವರು ತಂಗಿಯ ಮನೆಯ ಗಲ್ಲಿಯವರೆಗೂ ವಿಚಾರಿಸಿ, ನೆಂಟಸ್ತನ ಗಟ್ಟಿ ಮಾಡಿಕೊಂಡಿದ್ದರು. ಚಾಕಣದ ರಸ್ತೆಗೆ ಹತ್ತಿದೆವು. ಗಾಡಿ ನೀರಿನ ಮೇಲೆ ಎಲೆ ಹೋದ ಹಾಗೆ ಹೋಗುತ್ತಿತ್ತು. ಬ್ಯಾಟರಿಯಿಂದ ಇಂಜಿನ್ನಿಗೆ ಯಾವಾಗ ಬದಲಾಗುತ್ತದೆ ಎನ್ನುವುದು ಕೂತವರಿಗೆ ತಿಳಿಯುವುದೇ ಇಲ್ಲ ಎಂದು ಹುಡುಗಿ ಹೆಮ್ಮೆಯಿಂದ ಹೇಳಿದಳು. ನಮ್ಮವರಿಗೆ ಅದೊಂದು ಪಂಥ ಕಟ್ಟಿದ ಹಾಗಾಯಿತು.

ಏರು ಬಂತು. ನಾನು ಪೆಡಲು ಒತ್ತಿದೆ.

"ಬಂದ," ಎಂದರು ಹಿಂದಿನಿಂದ.

ಹುಡುಗಿ ತಿರುಗಿ, "ಬಂದ್ ನಾಹೀ ಕಾಕಾ, ಆತ್ತಾಚ್ ಚಾಲೂ ಝಾಲಂ" ಎಂದಳು. ನಿಂತಿಲ್ಲ, ಈಗಷ್ಟೇ ಶುರುವಾಯಿತು ಎಂದು.

"ಅದನ್ನs ನಾನೂ ಹೇಳಿದ್ದು. ಬಂದ."

ಐವತ್ತು ವರ್ಷದ ಹಿಂದಿನ ಶೇವಂತಾ ಮಾವಶಿ ಆ ಹುಡುಗಿಯ ಮುಖದಲ್ಲಿ ಬಂದು ಕೂತಳು. ನಮ್ಮವರು ಕತೆ ಬಿಡಿಸಿ ಹೇಳಿದರು, ಇಬ್ಬರೂ ನಕ್ಕರು. ನಾನೂ ನಕ್ಕೆ, ಆದರೆ ಒಂದು ಗಳಿಗೆ ತಡವಾಗಿ. ಯಾಕೆಂದರೆ ಇಂಜಿನ್ ಬಂದದ್ದು ನನಗೆ ಕೇಳಿಸಿರಲಿಲ್ಲ. ಅವರಿಬ್ಬರಿಗೂ ಕೇಳಿಸಿತ್ತು. ಮುಂದಿನ ಚಕ್ರಗಳ ನಡುವೆ ಒಂದಿಡೀ ಇಂಜಿನ್ ಎದ್ದು ಓಡುತ್ತಿತ್ತು, ಅದನ್ನು ಓಡಿಸುತ್ತಿದ್ದವಳಿಗೇ ಸುದ್ದಿ ಇರಲಿಲ್ಲ.

ಮುಂದೆ ಎರಡು ಸಲ ಅವರು ಬಂದ ಎಂದರು. ಎರಡೂ ಸಲ ಹುಡುಗಿ ತಲೆಯಾಡಿಸಿದಳು. ಕಿವಿ ಇಷ್ಟು ಹೋಗಿದೆ ಎಂದು ನನಗೂ ಗೊತ್ತಿರಲಿಲ್ಲ. ಆಗ ಪರದೆಯಲ್ಲಿ ಒಂದು ಚಿತ್ರ ಕಂಡಿತು. ಚಕ್ರ, ಬ್ಯಾಟರಿ, ಇಂಜಿನ್, ಅವುಗಳ ನಡುವೆ ಓಡಾಡುವ ಬಾಣಗಳು. ಇಂಜಿನ್ ಎದ್ದಾಗ ಬಾಣ ಹೊಳೆಯುತ್ತಿತ್ತು. ನಾನು ಬೋರ್ಡಿನ ಮೇಲೆ ದೀಪ ನೋಡಿ ಲೈನು ಕೊಟ್ಟವಳಲ್ಲವೇ. ಬಾಣ ಹೊಳೆದದ್ದೇ, "ಬಂದ" ಎಂದೆ, ಅವರಿಗಿಂತ ಮೊದಲೇ. "ಭಾರಿ ಕಿವಿ ಕಾಕೂ ನಿಮ್ಮದು" ಎಂದಳು ಹುಡುಗಿ ಮರಾಠಿಯಲ್ಲಿ.

ಇಳಿಜಾರಿನಲ್ಲಿ ಬ್ರೇಕು ಒತ್ತಿದೆ. ಬಾಣ ಹೊಳೆಯಿತು. "ಬಂದ," ಎಂದೆ ಜೋರಾಗಿ.

ಹುಡುಗಿ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅದು ಚಕ್ರದಿಂದ ಬ್ಯಾಟರಿಗೆ ಹೋಗುವ ಬಾಣವಂತೆ. ಬ್ರೇಕು ಹಾಕಿದಾಗ ಬ್ಯಾಟರಿ ತುಂಬಿಕೊಳ್ಳುತ್ತದಂತೆ. ಇಂಜಿನ್ ಬಂದಿರಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ಅದರ ಮೇಲೆ ಒಂದು ನಗು ಇತ್ತು. ಆ ನಗುವನ್ನು ನಾನು ಮೊದಲು ಎಲ್ಲಿ ನೋಡಿದ್ದೆ ಎಂದು ತಕ್ಷಣ ನೆನಪಾಯಿತು.

ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಸಂಜೆ ಆಯಿ ಎಂದಿನಂತೆ ತಲೆ ಓರೆ ಮಾಡಿ "ಬಂದ" ಎಂದಳು. ಹಂಚು ಇಟ್ಟಳು, ರೊಟ್ಟಿ ಬಡಿದಳು, ತಾಟಿಗೆ ಹಾಕಿದಳು. ಅಪ್ಪ ಬರಲಿಲ್ಲ. ಅವತ್ತು ಓವರ್‌ಟೈಮ್ ಇತ್ತು. ಸೈಕಲ್ಲೂ ಇಲ್ಲ, ಕಟಕಟವೂ ಇಲ್ಲ. ರೊಟ್ಟಿ ತಾಟಿನಲ್ಲಿ ತಣ್ಣಗಾಗಿ ಅಂಚು ಮೇಲೆದ್ದು ಒಣಗಿತು. ಆಯಿ ಬಾಗಿಲ ಕಡೆ ನೋಡುತ್ತ ಕೂತಿದ್ದಳು. ನನಗೆ ಅದು ಮೋಜಾಗಿ ಕಂಡಿತು. "ಆಯಿ, ಯಾರ ಬಂದ?" ಎಂದು ಹಿಂದಿನಿಂದ ಕೇಳಿದೆ. ಅವಳು ತಿರುಗಲಿಲ್ಲ. ಸ್ಟೀಲಿನ ತಂಬಿಗೆಯನ್ನು ಅವಳ ಬೆನ್ನ ಹಿಂದೆ ಎತ್ತರದಿಂದ ಕೆಡವಿದೆ. ಆಗಲೂ ತಿರುಗಲಿಲ್ಲ.

ಎಷ್ಟು ದಿನದಿಂದಲೋ ಅವಳಿಗೆ ಸೈಕಲ್ಲು ಕೇಳಿಸುತ್ತಿರಲಿಲ್ಲ. ಗೋಡೆಯ ಮೇಲೆ ಬಿಸಿಲಿನ ಅಂಚು ಕ್ಯಾಲೆಂಡರಿನ ಮೊಳೆಗೆ ಮುಟ್ಟಿದಾಗ ಬಂದ ಎನ್ನುತ್ತಿದ್ದಳು. ಅಪ್ಪನೂ ಬಿಸಿಲಿನಷ್ಟೇ ಹೊತ್ತಿಗೆ ಸರಿಯಾಗಿ ಬರುವವನಾದ್ದರಿಂದ ನಡೆದುಹೋಗಿತ್ತು. ನಾನು ಏನೋ ದೊಡ್ಡದು ಕಂಡುಹಿಡಿದವಳ ಹಾಗೆ ಚಾಳಿನ ಉದ್ದಕ್ಕೂ ಓಡಿ, "ನಮ್ಮ ಆಯಿ ಕಿವುಡಿ ಆಗ್ಯಾಳ" ಎಂದು ಬಾಗಿಲು ಬಾಗಿಲಿಗೆ ಹೇಳಿ ಬಂದೆ.

ಅವತ್ತಿನಿಂದ ಆಯಿಯನ್ನು ಯಾರೂ ಬೈಯಲಿಲ್ಲ, ನೋಯಿಸಲಿಲ್ಲ. ಎಲ್ಲರೂ ಭಾಳ ಒಳ್ಳೆಯವರಾದರು. ಸಂತೆಗೆ ಒಬ್ಬಳೇ ಹೋಗಬೇಡ ಎಂದರು. ಒಲೆಯ ಹತ್ತಿರ ಬೇಡ ಎಂದರು. ಮನೆಯ ಮಾತಿನಲ್ಲಿ ಅವಳನ್ನು ಕೇಳುವುದು ನಿಂತಿತು. ಎದುರಿಗೇ ಕೂತಿದ್ದರೂ, "ಆಯಿಗೆ ಹೇಳಿ ಏನ ಮಾಡೂದದ" ಎನ್ನುತ್ತಿದ್ದರು. ಅವಳು ಮಂಚದ ಮೂಲೆಯಲ್ಲಿ ಕೂತು, ಮಾತಾಡುವವರ ಬಾಯಿಯಿಂದ ಬಾಯಿಗೆ ಕಣ್ಣು ಸರಿಸುತ್ತ, ಎಲ್ಲರೂ ನಕ್ಕ ಮೇಲೆ ತಾನೂ ನಗುತ್ತಿದ್ದಳು. ಒಂದು ಗಳಿಗೆ ತಡವಾಗಿ.

ಕನ್ನಡಿಯಲ್ಲಿ ನಾನು ನೋಡಿದ್ದು ಆ ನಗು.

ಷೋರೂಮಿಗೆ ತಿರುಗಿ ಬರುವ ತನಕ ನಾನು ಹೇಗೆ ಓಡಿಸಿದೆನೋ. ಗೇಟಿನೊಳಗೆ ಬಂದು ಗಾಡಿಯನ್ನು ಹಿಂದಕ್ಕೆ ತೆಗೆದು ಅದರ ಜಾಗದಲ್ಲಿ ನಿಲ್ಲಿಸಬೇಕಿತ್ತು. ಹಿಂದಿನ ಗೇರು ಹಾಕಿದೆ. ಆ ಚಿತ್ರ, ಆ ಬಾಣಗಳನ್ನು ಇನ್ನು ನೋಡುವುದೇ ಬೇಡವೆಂದು ಪರದೆಯಿಂದ ಕಣ್ಣು ತಿರುಗಿಸಿಕೊಂಡಿದ್ದೆ. ಮೆಲ್ಲಗೆ ಬಿಟ್ಟೆ. ಹುಡುಗಿ ನನ್ನ ತೋಳು ಹಿಡಿದು ಜಗ್ಗಿದಳು. ಅವಳ ಬಾಯಿ ತೆರೆದಿತ್ತು. ಅದೇ ಕ್ಷಣಕ್ಕೆ ಗಾಡಿಯ ಬೆನ್ನಿಗೆ ಯಾರೋ ಅಂಗೈಯಿಂದ ದಬ ದಬ ಬಡಿದರು. ಆ ಬಡಿತ ಸೀಟಿನ ಮೂಲಕ ನನ್ನ ಬೆನ್ನಿಗೆ ಬಂತು. ಬ್ರೇಕು ತುಳಿದೆ.

ಇಳಿದು ನೋಡಿದರೆ ಗಾಡಿಗೂ ಗೋಡೆಗೂ ನಡುವೆ, ಒಂದು ಮೊಳ ಜಾಗದಲ್ಲಿ, ಕಸ ಗುಡಿಸುವ ಹೆಂಗಸು ನಿಂತಿದ್ದಳು. ಕಸಬರಿಗೆಯನ್ನು ಎದೆಗೆ ಅವಚಿಕೊಂಡಿದ್ದಳು. ಪೆಟ್ಟಾಗಿರಲಿಲ್ಲ. ಹಿಂದೆ ಯಾರಾದರೂ ಅಡ್ಡ ಬಂದರೆ ಗಾಡಿಯೊಳಗೆ ಟೀಂ ಟೀಂ ಎಂದು ಸಣ್ಣ ಸದ್ದು ಹೊಡೆದುಕೊಳ್ಳುತ್ತದೆ. ಅದು ಅಷ್ಟು ಹೊತ್ತೂ ಹೊಡೆದುಕೊಳ್ಳುತ್ತಲೇ ಇತ್ತಂತೆ. ಚೂಪಾದ ಸದ್ದು. ಗುಬ್ಬಿಯ ಜಾತಿಯದು.

ಹುಡುಗಿ ಅವಳ ಮೇಲೆ ರೇಗಿದಳು. ಗಿರಾಕಿ ಗಾಡಿ ತೆಗೆಯುವಾಗ ಹಿಂದೆ ಯಾಕೆ ನಿಂತೆ, ಕಣ್ಣು ಎಲ್ಲಿತ್ತು ಎಂದಳು. ಆಕೆ ಮರಾಠಿಯಲ್ಲಿ ತಡವರಿಸಿದಳು. ಅಷ್ಟರಲ್ಲಿ ನಮ್ಮವರು "ಏನೂ ಆಗಿಲ್ಲಲ್ಲ ತಾಯಿ?" ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿದ್ದನ್ನು ಕೇಳಿ, ನನ್ನ ಕಡೆ ತಿರುಗಿ, "ನಂದೇ ತಪ್ಪದ್ರೀ ಅಕ್ಕೋರೆ. ಗಾಡಿ ಸಪ್ಪಳೇ ಮಾಡ್ಲಿಲ್ಲ, ನಂಗ ಗೊತ್ತೇ ಆಗ್ಲಿಲ್ಲ" ಎಂದಳು.

ತಪ್ಪು ಅವಳದಲ್ಲ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳಿದರೆ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ಅವಳ ಮಾತೂ ಕೇಳಿಸದವಳ ಹಾಗೆ ನಿಂತೆ. ಅದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತ್ತು.

ಮನೆಗೆ ಬಂದು ನಮ್ಮವರು ಊಟದ ಮೇಜಿನ ಮೇಲೆ ನೋಟ್‌ಬುಕ್ಕು ತೆರೆದರು. ಕೆಂಪಿನ ಕೆಳಗೆ, ಬೂದಿನ ಕೆಳಗೆ ಎಲ್ಲ ಅಂಕಣಗಳೂ ತುಂಬಿದ್ದವು. ಒಂದು ಮಾತ್ರ ಖಾಲಿ. ಅದರ ತಲೆಯ ಮೇಲೆ ಸದ್ದು ಎಂದು ಬರೆದಿತ್ತು. ಪೆನ್ನಿನ ಟೊಪ್ಪಿಗೆ ತೆಗೆದು, ಮತ್ತೆ ಹಾಕಿ, ನನ್ನ ಮುಖಕ್ಕೆ ನೇರವಾಗಿ ತಿರುಗಿ ಕೇಳಿದರು.

"ಆಯಿ ಎಷ್ಟ ದಿನಾ ಮುಚ್ಚಿಟ್ಟಿದ್ರು?"

"ಏನ?"

"ಕಿವಿ."

ನಾನು ಮೇಜಿನ ಮೇಲಿದ್ದ ಹರಳನ್ನು ಬೆರಳಿನಿಂದ ಸರಿಸಿದೆ. ಉಪ್ಪಿನ ಹರಳು. "ಒಂದ ವರ್ಷ ಇರಬೇಕು," ಎಂದೆ.

"ಹಂಗಾದ್ರ ನೀ ಅವರಕಿಂತ ಗಟ್ಟಿ."

"ನಿಮಗ ಯಾವಾಗ ಗೊತ್ತಾತು?"

"ಹ್ವಾದ ವರ್ಷದ ದೀಪಾವಳ್ಯಾಗ. ಪೋಸ್ಟಿನಾವ ಗಂಟಿ ಹೊಡದು ಹೊಡದು ಹೊಂಟ ಹ್ವಾದ. ನೀ ಬಾಗಲಾ ಕಡೆ ಮಾರಿ ಮಾಡೇ ಕೂತು ಅವಲಕ್ಕಿ ಆರಸ್ಲಿಕತ್ತಿದ್ದಿ. ಅವತ್ತಿಂದ ಹೇಳ್ಕೋತ ಬಂದೇನಲ್ಲ."

"ಏನ ಹೇಳ್ಕೋತ?"

"ಬಂದ, ಅಂತ."

ಬಾಗಿಲ ಗಂಟೆ, ಕುಕ್ಕರಿನ ಸೀಟಿ, ಲಿಫ್ಟು, ಕಸದ ಗಾಡಿ. ಒಂದು ವರ್ಷದಿಂದ ಅವರು ನನ್ನ ಕಿವಿಯ ಕೆಲಸ ಮಾಡುತ್ತಿದ್ದರು. ನಾನು ಅವರನ್ನು ಗಿಳಿ ಎಂದಿದ್ದೆ.

"ನನಗ ಹೇಳಬಾರದಿತ್ತೇನ?" ಎಂದೆ.

"ನೀನs ಹೇಳ್ತಿ ಅಂತ ಕಾಯ್ದೆ. ನಾ ಹೇಳಿದ್ರ ಚಾಳಿನ ತುಂಬ ಓಡ್ಯಾಡಿ ಹೇಳಿದಂಗ ಆಗ್ತಿತ್ತು."

ನಾನು ಹಳೆಯ ಗಾಡಿಯ ಕೀಲಿ ತಂದು ಅವರ ಮುಂದಿಟ್ಟೆ. ಅವರು ಬೇಡವೆನ್ನುತ್ತಾರೆ ಎಂದು ಒಳಗೊಳಗೇ ಆಸೆ ಇತ್ತು. ಅವರು ಕೀಲಿಯನ್ನು ಎತ್ತಿಕೊಂಡರು.

"ಆ ಹೆಣ್ಣಮಗಳು ಇವತ್ತ ಗಾಡಿಗೆ ಕೈಲೆ ಬಡೀದs ಇದ್ದಿದ್ರ?" ಎಂದರು.

ಈಗಲೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ಎದೆಗೆ ಅವಚಿದ ಕಸಬರಿಗೆ ಕಾಣುತ್ತದೆ.

"ಮದ್ಲ ಕಿವಿ, ಆಮ್ಯಾಲ ಗಾಡಿ," ಎಂದು ಅವರು ಎದ್ದು ಹೋಗಿ ಕೀಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿದರು. "ಇಲ್ಲೇ ಇರ್ತದ. ನಾ ಏನ ಮುಚ್ಚಿಡಂಗಿಲ್ಲ. ಆದ್ರ ನೀ ತಗೀಬ್ಯಾಡ."

ಮರುದಿನ ಕಿವಿಯ ಡಾಕ್ಟರ ಕಡೆಗೆ ಹೊರಟಾಗ ರಿಕ್ಷಾವನ್ನು ಮೊದಲು ಷೋರೂಮಿಗೆ ಬಿಡಿಸಿದೆ. ಕಸ ಗುಡಿಸುವ ಆಕೆಯ ಹೆಸರು ಮಲ್ಲಮ್ಮ, ಯಾದಗಿರಿಯ ಕಡೆಯವಳು. ತಪ್ಪು ನನ್ನದಾಗಿತ್ತು, ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂದೆ. ಆ ಹುಡುಗಿಯ ಎದುರಿಗೂ ಮರಾಠಿಯಲ್ಲಿ ಅದನ್ನೇ ಹೇಳಿದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು, ಅದೂ ಎರಡು ಭಾಷೆಯಲ್ಲಿ. ಹುಡುಗಿ ನೆಲ ನೋಡಿದಳು. ಮಲ್ಲಮ್ಮ ನನಗೆ ಕೇಳಿಸಲೆಂದು ಗಟ್ಟಿಯಾಗಿ, "ನಾ ಇನ್ಮ್ಯಾಲ ನಿಮ್ಮ ಗಾಡಿ ಕಂಡ್ರ ಮದ್ಲೇ ದೂರ ನಿಂದರ್ತೀನ್ರೀ" ಎಂದಳು. ನಗಿಸಲು ಹೇಳಿದಳೋ, ನಿಜಕ್ಕೂ ಹೇಳಿದಳೋ ಇನ್ನೂ ತಿಳಿದಿಲ್ಲ. ಅದು ನನಗೆ ಸಲ್ಲಬೇಕಾದ ಮಾತೇ.

ಕಿವಿ ಪರೀಕ್ಷೆಯ ಕೋಣೆ ದೇವರ ಕಪಾಟಿನಷ್ಟು ಸಣ್ಣದು. ಗೋಡೆಗೆಲ್ಲ ಮೆತ್ತನೆಯ ಹೊದಿಕೆ, ಎದುರಿಗೆ ದಪ್ಪ ಗಾಜು. ಗಾಜಿನಾಚೆ ಯಂತ್ರದ ಮುಂದೆ ಒಬ್ಬ ಹುಡುಗಿ, ಅವಳ ಹಿಂದೆ ನಮ್ಮವರು. ಮೂವತ್ತೊಂದು ವರ್ಷ ಹಾಕಿಕೊಂಡಂಥದ್ದೇ ಹೆಡ್‌ಫೋನು ತಲೆಗೇರಿತು. ಎಷ್ಟು ಸಣ್ಣ ಸದ್ದು ಕೇಳಿದರೂ ಕೈಯಲ್ಲಿರುವ ಗುಂಡಿ ಒತ್ತಬೇಕು ಎಂದು ಹೇಳಿ ಬಾಗಿಲು ಹಾಕಿದಳು.

ಮೊದಲ ನಾಲ್ಕೈದು ಸದ್ದುಗಳು ದಪ್ಪನೆಯವು. ಒತ್ತಿದೆ. ಅವು ಒಂದು ಲಯದಲ್ಲಿ ಬರುತ್ತಿದ್ದವು. ಬೋರ್ಡಿನ ಮೇಲೆ ಪಳಗಿದ ಬೆರಳು ಆ ಲಯವನ್ನು ಹಿಡಿದುಬಿಟ್ಟಿತು. ಆಮೇಲೆ ಸದ್ದು ಬರುವುದು ನಿಂತಿತು. ಬೆರಳು ಮಾತ್ರ ಆ ಲಯದಲ್ಲೇ ಗುಂಡಿಯ ಕಡೆಗೆ ಬಾಗಿತು. ಈಗ ಒತ್ತಿದರೆ ಯಾರಿಗೂ ತಿಳಿಯದು. ಇನ್ನೊಂದು ಸಲ ಒತ್ತಿದರೆ ಮೊಳೆಯ ಮೇಲಿನ ಕೀಲಿ ಕೈಗೆ ಬರುತ್ತದೆ. ಎದೆ ಹೊಡೆದುಕೊಳ್ಳುವುದು ಹೆಡ್‌ಫೋನಿನೊಳಗೇ ಕೇಳಿಸುತ್ತಿತ್ತು. ತಾಟಿನಲ್ಲಿ ಅಂಚು ಮೇಲೆದ್ದು ಒಣಗಿದ ರೊಟ್ಟಿ ಕಣ್ಣ ಮುಂದೆ ಬಂತು. ಬೆರಳನ್ನು ಗುಂಡಿಯಿಂದ ತೆಗೆದೆ.

ಕಾದೆ. ಭಾಳ ಹೊತ್ತು ಕಾದೆ. ಆಮೇಲೆ ಎಲ್ಲೋ ಚಾಳಿನ ಆಚೆಯ ಮೂಲೆಯಲ್ಲಿ ಸಡಿಲು ಚೈನ್‌ಕವರು ಅಲುಗಿದಷ್ಟು ದೂರದಿಂದ, ಒಂದು ಎಳೆ ಸದ್ದು ತೆವಳಿಕೊಂಡು ಬಲಗಿವಿಗೆ ತಲುಪಿತು. ಬೆರಳಿಗಿಂತ ಮೊದಲು ಬಾಯಿ ಹೇಳಿತು.

"ಬಂದ."

ಕೋಣೆಯ ಮೈಕಿನಿಂದ ಅದು ಆಚೆ ಕೇಳಿಸಿರಬೇಕು. ಯಂತ್ರದ ಹುಡುಗಿ ತಲೆ ಎತ್ತಿದಳು. ಅವಳ ತುಟಿ ಓದಿದೆ. ಬಂದ್? ನಾನು ನಿಲ್ಲಿಸು ಎಂದೆನೆಂದು ತಿಳಿದು ಅವಳು ಕೈ ಚಾಚಿ ಏನನ್ನೋ ತಿರುಗಿಸಿದಳು. ಹಿಂದೆ ನಿಂತಿದ್ದ ನಮ್ಮವರು ಕೈ ಆಡಿಸುತ್ತ ಅವಳಿಗೆ ಏನೋ ವಿವರಿಸತೊಡಗಿದರು. ಶೇವಂತಾ ಮಾವಶಿಯ ಕತೆಯೇ ಇರಬೇಕು. ಅವಳು ನಗುತ್ತಿದ್ದಳು. ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ.

ಅವಳು ಮತ್ತೆ ಯಂತ್ರದ ಕಡೆ ತಿರುಗಿದಳು. ಕಿವಿಯಲ್ಲಿ ಏನೂ ಇರಲಿಲ್ಲ. ಯಂತ್ರ ಇನ್ನೂ ಬಂದ್ ಇದೆಯೋ, ಸದ್ದು ಬರುತ್ತಿದ್ದರೂ ನನಗೆ ತಲುಪುತ್ತಿಲ್ಲವೋ, ಒಳಗೆ ಕೂತವಳಿಗೆ ತಿಳಿಯುವ ದಾರಿ ಇರಲಿಲ್ಲ. ಗಾಜಿನಾಚೆಯ ಯಾರ ಮುಖವೂ ಕಾಣದ ಹಾಗೆ ಕಣ್ಣು ಮುಚ್ಚಿಕೊಂಡು, ಬೆರಳನ್ನು ಗುಂಡಿಯಿಂದ ದೂರ ಹಿಡಿದು, ಕಾಯುತ್ತ ಕೂತೆ.